ಮಾತ್ರೆ ಸಾಕು, ಒಳಗೆ ನೋಡೋಣ

ತೊಕ್ಕೊಟ್ಟು ಜಂಕ್ಷನ್ನಿನಿಂದ ದೇರಳಕಟ್ಟೆಯ ಎಂಡೋಸ್ಕೋಪಿ ಕೋಣೆಗೆ ಐದಾರು ಕಿಲೋಮೀಟರ್. ಹೊಟ್ಟೆಯ ಕ್ಯಾನ್ಸರ್ ಇರುವವರು ಅಲ್ಲಿಗೆ ತಲುಪಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಬಾಯಿಯ ಮೂಲಕವೇ ಮುಗಿಯಬಹುದಾಗಿದ್ದ ಚಿಕಿತ್ಸೆ ಇಡೀ ಜಠರ ತೆಗೆಯುವಲ್ಲಿಗೆ ಹೋಗಿ ನಿಲ್ಲುವುದು ಆ ತಿಂಗಳುಗಳಲ್ಲೇ.

ನೇತ್ರಾವತಿ ಸೇತುವೆ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕಕ್ಕೆ ಬಂದರೆ ಸಿಗುವ ಮೊದಲ ದೊಡ್ಡ ಪೇಟೆ ತೊಕ್ಕೊಟ್ಟು. ಬಲಕ್ಕೆ ಹೋದರೆ ಉಳ್ಳಾಲದ ದರ್ಗಾ, ಕಡಲು. ನೇರ ಹೋದರೆ ಕೋಟೆಕಾರು, ತಲಪಾಡಿ, ಗಡಿ ದಾಟಿದರೆ ಮಂಜೇಶ್ವರ. ಎಡಕ್ಕೆ ತಿರುಗಿದರೆ ಚೆಂಬುಗುಡ್ಡೆ, ಕೊರಗಜ್ಜನ ಕುತ್ತಾರು, ದೇರಳಕಟ್ಟೆ, ನಾಟೆಕಲ್. ಈ ಎಡದ ರಸ್ತೆಯ ಮೇಲೆ ಹತ್ತು ಕಿಲೋಮೀಟರಿನೊಳಗೆ ಮೂರು ಮೆಡಿಕಲ್ ಕಾಲೇಜುಗಳು. ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ ಎರಡೂ ಶುರುವಾದದ್ದು 1999ರಲ್ಲಿ. ನಾಟೆಕಲ್ಲಿನ ಕಣಚೂರು ಆಮೇಲೆ ಬಂತು. ಒಂದು ತಲೆಮಾರಿನ ಹಿಂದೆ ದೊಡ್ಡಾಸ್ಪತ್ರೆ ಎಂದರೆ ಹೊಳೆ ದಾಟಿ ವೆನ್ಲಾಕಿಗೋ ಕಂಕನಾಡಿಯ ಫಾದರ್ ಮುಲ್ಲರ್ಸಿಗೋ ಹೋಗಬೇಕಿತ್ತು. ಈಗ ಹೊಳೆಯಾಚೆಯವರೂ ಈಚೆ ಬರುತ್ತಾರೆ.

ಬೆಳಗ್ಗಿನ ಬಸ್ಸುಗಳಲ್ಲಿ ಸ್ಕ್ಯಾನಿಂಗ್ ಫಿಲ್ಮಿನ ದೊಡ್ಡ ಲಕೋಟೆಯನ್ನು ಮಡಚಿ ಹೋಗದ ಹಾಗೆ ಹಿಡಿದು ನಿಂತವರಿರುತ್ತಾರೆ. ರಾತ್ರಿಯಿಂದ ಉಪವಾಸವಿದ್ದು ಮುಖ ಬಾಡಿದವರು, ಅವರ ಜೊತೆಗೆ ಬಂದು ಬಿಸ್ಕತ್ತಿನ ಪೊಟ್ಟಣವನ್ನು ಬ್ಯಾಗಿನಲ್ಲಿ ಅಡಗಿಸಿಟ್ಟವರೂ ಇರುತ್ತಾರೆ. ಬಂಜಿ ಬೇನೆಯ (ಹೊಟ್ಟೆನೋವಿನ) ವಿವರ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಐದರಲ್ಲೂ ನಡೆಯುತ್ತದೆ. ಕೊನೆಗೆ ಎಲ್ಲರೂ ಹೇಳುವುದು ಒಂದೇ: "ಗ್ಯಾಸ್ಟ್ರಿಕ್ ಅಂತ ಅಂದುಕೊಂಡಿದ್ದೆವು ಡಾಕ್ಟ್ರೇ."

ಅಂದುಕೊಳ್ಳುವುದರಲ್ಲಿ ತಪ್ಪಿಲ್ಲ. ಹೊಟ್ಟೆಯುರಿ ಬಂದ ನೂರು ಜನರಲ್ಲಿ ಬಹುಪಾಲು ಮಂದಿಗೆ ಅದು ಬರೀ ಹೊಟ್ಟೆಯುರಿಯೇ. ತೊಂದರೆ ಇರುವುದು ಆಮೇಲಿನ ದಾರಿಯಲ್ಲಿ. ಮೊದಲು ಓಮದ ನೀರು, ಜೀರಿಗೆ ಕಷಾಯ, ಪುನರ್ಪುಳಿ. ಆಮೇಲೆ ಪೇಟೆಯ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಪ್ಯಾಂಟೊಪ್ರಜೋಲ್. ಅದು ಕೆಲಸ ಮಾಡುತ್ತದೆ, ಅದೇ ಅಪಾಯ. ಆಮ್ಲ ಇಳಿದಾಗ ಕ್ಯಾನ್ಸರಿನ ಹುಣ್ಣೂ ತಾತ್ಕಾಲಿಕವಾಗಿ ಮಾಯ್ದಂತೆ ತೋರಬಹುದು, ನೋವು ಕಡಿಮೆಯಾಗಬಹುದು. ಹತ್ತು ದಿನದ ಸ್ಟ್ರಿಪ್ ಮುಗಿದಾಗ ಇನ್ನೊಂದು ಸ್ಟ್ರಿಪ್. ನಮ್ಮಲ್ಲಿ ಹೊಟ್ಟೆಗೆ ನಡೆಯುವಷ್ಟು ಸ್ವಯಂವೈದ್ಯ ಇನ್ಯಾವ ಅಂಗಕ್ಕೂ ನಡೆಯುವುದಿಲ್ಲ.

ಹಾಗಾದರೆ ಯಾವಾಗ ಮಾತ್ರೆ ನಿಲ್ಲಿಸಿ ಒಳಗೆ ನೋಡಬೇಕು? ಕಾರಣವಿಲ್ಲದೆ ತೂಕ ಇಳಿಯುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಮಧ್ಯಾಹ್ನ ಉಂಡದ್ದು ರಾತ್ರಿ ವಾಂತಿಯಾಗುವುದು, ನುಂಗುವಾಗ ಎದೆಯಲ್ಲಿ ಸಿಕ್ಕಿಕೊಳ್ಳುವುದು, ಮಲ ಡಾಂಬರಿನಂತೆ ಕಪ್ಪಾಗುವುದು. ಇವುಗಳಲ್ಲಿ ಒಂದಿದ್ದರೂ ಸಾಕು. ಮಧ್ಯವಯಸ್ಸು ದಾಟಿದ ಗಂಡಸಿಗೆ ರಕ್ತಹೀನತೆ ಇದ್ದು, ಅದಕ್ಕೆ ಕಾರಣ ತಿಳಿಯದಿದ್ದರೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ಚಿಕಿತ್ಸೆಯಲ್ಲ, ಮುಂದೂಡಿಕೆ. ಅಷ್ಟು ವರ್ಷ ಸರಿಯಾಗಿದ್ದ ಹೊಟ್ಟೆ ನಡುವಯಸ್ಸಿನ ನಂತರ ಹೊಸದಾಗಿ ತಕರಾರು ತೆಗೆದರೂ ಅದೇ ಮಾತು. ಮನೆಯಲ್ಲಿ ಅಪ್ಪನಿಗೋ ಅಕ್ಕನಿಗೋ ಈ ಕ್ಯಾನ್ಸರ್ ಬಂದಿದ್ದರೆ ಇನ್ನೂ ಬೇಗ.

ಹತ್ತು ನಿಮಿಷದ ಕೆಲಸ

ಎಂಡೋಸ್ಕೋಪಿಯ ಹೆದರಿಕೆ ಎಂಡೋಸ್ಕೋಪಿಗಿಂತ ದೊಡ್ಡದು. ಆರೆಂಟು ಗಂಟೆ ಖಾಲಿ ಹೊಟ್ಟೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಕಹಿ ಬಾಳೆಹಣ್ಣಿನಂಥ ರುಚಿ, ನಾಲಿಗೆ ತನ್ನದಲ್ಲ ಎನಿಸುವ ಒಂದು ನಿಮಿಷ. ಎಡಮಗ್ಗುಲಿಗೆ ಮಲಗಿಸಿ ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆ ಇಡುತ್ತಾರೆ. ಬೇಕೆಂದವರಿಗೆ ಮಂಪರಿನ ಇಂಜೆಕ್ಷನ್. ಕಿರುಬೆರಳಿನಷ್ಟು ದಪ್ಪದ ಕಪ್ಪು ನಳಿಗೆ ಗಂಟಲು ದಾಟುವ ಕ್ಷಣ ಓಕರಿಕೆ ಬರುತ್ತದೆ, ನರ್ಸ್ ಬೆನ್ನು ಸವರುತ್ತಾ "ಮೂಗಿನಲ್ಲಿ ಉಸಿರಾಡಿ, ಜೊಲ್ಲು ನುಂಗಬೇಡಿ" ಎನ್ನುತ್ತಿರುತ್ತಾರೆ. ಆಮೇಲೆ ಎಲ್ಲ ಟಿವಿ ಪರದೆಯ ಮೇಲೆ.

ಆರೋಗ್ಯದ ಜಠರ ನಸುಗೆಂಪು, ಒದ್ದೆ, ಉದ್ದುದ್ದ ಮಡಿಕೆಗಳದ್ದು. ಗಾಳಿ ತುಂಬಿದಂತೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ತುದಿಯಲ್ಲಿ ಸಣ್ಣಕರುಳಿನ ಬಾಗಿಲು ತನ್ನ ಪಾಡಿಗೆ ತೆರೆದು ಮುಚ್ಚುತ್ತಿರುತ್ತದೆ. ಮಡಿಕೆ ಬಿಚ್ಚಿಕೊಳ್ಳದೆ ಬಿಗಿಯಾಗಿಯೇ ಉಳಿದರೆ ವೈದ್ಯರ ಕೈ ಅಲ್ಲಿ ನಿಲ್ಲುತ್ತದೆ: ಗೋಡೆಯೊಳಗೇ ಹಬ್ಬಿ ಜಠರವನ್ನು ಚರ್ಮದ ಚೀಲದಂತೆ ಗಡುಸಾಗಿಸುವ ಜಾತಿಯ ಕ್ಯಾನ್ಸರ್ ಹೀಗೇ ಅಡಗಿರುತ್ತದೆ, ಮೇಲಿನಿಂದ ಚಿವುಟಿದ ಬಯಾಪ್ಸಿಯಲ್ಲಿ ಕೆಲವೊಮ್ಮೆ ಸಿಗುವುದೂ ಇಲ್ಲ. ಇನ್ನು ಆರಂಭದ ಕ್ಯಾನ್ಸರ್ ಎಂದರೆ ಗೆಡ್ಡೆ ಎಂದುಕೊಂಡವರಿಗೆ ನಿರಾಸೆ. ಬಣ್ಣ ತುಸು ಮಾಸಿದ, ತುಸು ತಗ್ಗಾದ ಕಾಸಿನಗಲದ ಜಾಗ, ಅಷ್ಟೇ. ನೀಲಿ ದ್ರಾವಣ ಚಿಮುಕಿಸಿದಾಗ, ಅಥವಾ ಬೆಳಕಿನ ಬಣ್ಣ ಬದಲಿಸಿದಾಗ ಅಂಚು ಎದ್ದು ಕಾಣುತ್ತದೆ. ನೊರೆ, ಲೋಳೆ ತೊಳೆಯದೆ ಅವಸರದಲ್ಲಿ ನೋಡಿದರೆ ಎದುರಿಗಿದ್ದರೂ ಕಾಣುವುದಿಲ್ಲ.

ನಳಿಗೆಯೊಳಗಿಂದ ಬರುವ ಪುಟ್ಟ ಚಿಮಟ ಆರೇಳು ಕಡೆ ಚಿವುಟಿ ತೆಗೆಯುತ್ತದೆ. ನೋವಾಗುವುದಿಲ್ಲ. ಅಕ್ಕಿಕಾಳಿಗಿಂತ ಸಣ್ಣ ತುಣುಕುಗಳು ಫಾರ್ಮಲಿನ್ ಶೀಶೆಗೆ ಬೀಳುತ್ತವೆ. "ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹಬ್ಬುತ್ತದೆ" ಎಂಬ ಮಾತು ನಮ್ಮೂರಿನಲ್ಲಿ ಇನ್ನೂ ಜೀವಂತವಿದೆ. ಜಠರದ ಒಳಗಿಂದ ಚಿವುಟುವ ಈ ಬಯಾಪ್ಸಿಯಿಂದ ಹಾಗೇನೂ ಆಗುವುದಿಲ್ಲ. ಅದಿಲ್ಲದೆ ಸಾಮಾನ್ಯವಾಗಿ ಯಾವ ಸರ್ಜನ್ನೂ ಚಾಕು ಎತ್ತುವುದಿಲ್ಲ.

ಈ ಹಂತಕ್ಕೆ ಬಂದ ಮೇಲೆ ಚಿಕಿತ್ಸೆಯನ್ನು ತೀರ್ಮಾನಿಸುವುದು ಒಂದೇ ಪ್ರಶ್ನೆ: ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ? ಜಠರದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಒಳಗಡೆ ಲೋಳೆಪೊರೆ, ಅದರಡಿ ಸಡಿಲವಾದ ಇನ್ನೊಂದು ಪದರ, ಆಮೇಲೆ ಸ್ನಾಯು, ಹೊರಗೊಂದು ತೆಳು ಹೊದಿಕೆ. ಕ್ಯಾನ್ಸರ್ ಲೋಳೆಪೊರೆಯಲ್ಲೇ ಇದ್ದರೆ ದುಗ್ಧಗ್ರಂಥಿಗಳಿಗೆ ಹೋಗಿರುವ ಸಾಧ್ಯತೆ ನೂರಕ್ಕೆ ಎರಡೋ ಮೂರೋ. ಎರಡನೆಯ ಪದರಕ್ಕೆ ಇಳಿದರೆ ಅದೇ ಸಂಖ್ಯೆ ಇಪ್ಪತ್ತರ ಹತ್ತಿರ ಹೋಗುತ್ತದೆ. ನಡುವೆ ಇರುವುದು ಒಂದು ಮಿಲಿಮೀಟರ್.

ಬಾಯಿಯಿಂದಲೇ ಆಪರೇಷನ್

ಆ ಮಿಲಿಮೀಟರಿನ ಲಾಭ ಪಡೆದವರು ಜಪಾನಿನವರು. ಅಲ್ಲಿ ಈ ಕ್ಯಾನ್ಸರ್ ನಮಗಿಂತ ಬಹಳ ಹೆಚ್ಚು. 1950ರಲ್ಲೇ ಒಲಿಂಪಸ್ ಕಂಪನಿ ನುಂಗುವ ಕ್ಯಾಮೆರಾ ಮಾಡಿತ್ತು. 1962ರಲ್ಲಿ ಅಲ್ಲಿನ ತಜ್ಞರು ಆರಂಭದ ಜಠರ ಕ್ಯಾನ್ಸರ್ ಎಂದರೆ ಯಾವುದು, ನೋಡಲು ಹೇಗಿರುತ್ತದೆ ಎಂದು ವರ್ಗೀಕರಿಸಿದರು. 1990ರ ದಶಕದ ಕೊನೆಗೆ ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರು ತುದಿಗೆ ಪಿಂಗಾಣಿಯ ಗುಂಡು ಕೂರಿಸಿದ ವಿದ್ಯುತ್ ಚಾಕು ಬಳಸಲು ಶುರುಮಾಡಿದರು. ಗುಂಡು ಇರುವುದರಿಂದ ಚಾಕು ಆಳಕ್ಕೆ ಚುಚ್ಚಿಕೊಳ್ಳುವುದಿಲ್ಲ, ಅಡ್ಡಕ್ಕಷ್ಟೇ ಕೊಯ್ಯುತ್ತದೆ. ಇ.ಎಸ್.ಡಿ. ಎಂದು ವೈದ್ಯರು ಕರೆಯುವ ವಿಧಾನ ಬೆಳೆದದ್ದು ಇದರಿಂದ.

ಮಾಡುವ ಕ್ರಮ ನೋಡುವಂಥದ್ದು. ಮೊದಲು ರೋಗದ ಜಾಗದ ಸುತ್ತ, ಕೆಲವು ಮಿಲಿಮೀಟರ್ ಬಿಟ್ಟು, ಸುಟ್ಟ ಚುಕ್ಕೆಗಳ ಬೇಲಿ ಹಾಕುತ್ತಾರೆ. ಚುಕ್ಕೆಗಳ ಹೊರಗೆ ಸೂಜಿ ಚುಚ್ಚಿ ನೀಲಿ ಬೆರೆಸಿದ ಸಲೈನನ್ನು ಲೋಳೆಪೊರೆಯ ಅಡಿಗೆ ಬಿಡುತ್ತಾರೆ. ಕಾದ ಎಣ್ಣೆಯಲ್ಲಿ ಹಪ್ಪಳದ ಗುಳ್ಳೆ ಏಳುವಂತೆ ಆ ಭಾಗ ಉಬ್ಬಿ ಸ್ನಾಯುವಿನಿಂದ ದೂರವಾಗುತ್ತದೆ. ಉಬ್ಬದಿದ್ದರೆ ಕ್ಯಾನ್ಸರ್ ಕೆಳಗೆ ಬೇರು ಬಿಟ್ಟಿರಬಹುದೆಂಬ ಸೂಚನೆ ಅಲ್ಲೇ ಸಿಗುತ್ತದೆ. ಆಮೇಲೆ ಸುತ್ತ ಕೊಯ್ದು, ಅಂಚಿನ ಅಡಿಗೆ ತೂರಿಕೊಂಡು, ನೀಲಿ ಪದರವನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಹೋಗುವುದು. ಕಣ್ಣಿಗೆ ಬಿದ್ದ ರಕ್ತನಾಳವನ್ನು ಒಡೆಯುವ ಮೊದಲೇ ಸುಡಬೇಕು. ಒಂದು ಗಂಟೆ, ಕೆಲವೊಮ್ಮೆ ಮೂರು. ಗೋಡೆ ತೂತಾಗುವ ಅಪಾಯ ಇದ್ದೇ ಇದೆ, ಅನುಭವಿಗಳ ಕೈಯಲ್ಲಿ ಅದು ನೂರಕ್ಕೆ ಕೆಲವರಿಗೆ. ಹೆಚ್ಚಿನವನ್ನು ಅಲ್ಲೇ ಲೋಹದ ಕ್ಲಿಪ್ ಹಾಕಿ ಮುಚ್ಚುತ್ತಾರೆ. ಬಿಡಿಸಿದ ತುಂಡನ್ನು ಬಾಯಿಯಿಂದ ಹೊರತಂದು, ಹಲಗೆಯ ಮೇಲೆ ಸುತ್ತ ಗುಂಡುಸೂಜಿ ಚುಚ್ಚಿ ಹರಡಿ ಪೆಥಾಲಜಿಗೆ ಕಳಿಸುತ್ತಾರೆ. ಅಲ್ಲಿ ಅದನ್ನು ಎರಡೆರಡು ಮಿಲಿಮೀಟರಿನ ಎಳೆಗಳಾಗಿ ಕೊಯ್ದು ನೋಡುತ್ತಾರೆ. ಅಂಚು, ಅಡಿ ಎರಡೂ ಶುದ್ಧವಾಗಿದ್ದು ರಕ್ತನಾಳ, ದುಗ್ಧನಾಳಗಳಲ್ಲಿ ಕ್ಯಾನ್ಸರ್ ಕಣ ಇಲ್ಲದಿದ್ದರೆ ಚಿಕಿತ್ಸೆ ಮುಗಿಯಿತು. ಹೊಟ್ಟೆಯ ಮೇಲೆ ಗಾಯವಿಲ್ಲ, ಜಠರ ಪೂರ್ತಿ ಉಳಿದಿದೆ, ಒಳಗಿನ ಹುಣ್ಣು ಎರಡು ತಿಂಗಳಲ್ಲಿ ಮಾಯುತ್ತದೆ. ವರದಿ ಬೇರೆ ಹೇಳಿದರೆ ಸರ್ಜನ್ ಕಡೆಗೆ.

ಇಂಥ ಹಂತದಲ್ಲಿ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಹಾಗಿದ್ದೂ ನಮ್ಮ ದೇಶದಲ್ಲಿ ಈ ಚಿಕಿತ್ಸೆ ಯಾಕೆ ಅಪರೂಪ? ಯಂತ್ರದ ಕೊರತೆಯಿಂದಲ್ಲ, ಕೈಗಳ ಕೊರತೆಯಿಂದಲೂ ಅಷ್ಟಾಗಿ ಅಲ್ಲ. ಈ ಹಂತದ ರೋಗಿಗಳೇ ಬರುವುದಿಲ್ಲ. ನಮ್ಮಲ್ಲಿ ಪತ್ತೆಯಾಗುವ ಹೊತ್ತಿಗೆ ಹೆಚ್ಚಿನವು ಸ್ನಾಯು ದಾಟಿರುತ್ತವೆ. ದಕ್ಷಿಣ ಕೊರಿಯಾದಲ್ಲಿ 40 ದಾಟಿದ ಪ್ರತಿಯೊಬ್ಬರಿಗೂ ಎರಡು ವರ್ಷಕ್ಕೊಮ್ಮೆ ತಪಾಸಣೆ ಸರ್ಕಾರದ್ದೇ ಕಾರ್ಯಕ್ರಮ. ಅದನ್ನೇ ಇಲ್ಲಿಗೆ ತನ್ನಿ ಎನ್ನುವವರ ಜೊತೆ ನಾನಿಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಹೊಸ ರೋಗಿಗಳು. ಜನಸಂಖ್ಯೆಗೆ ಹೋಲಿಸಿದರೆ ಕಡಿಮೆ. ಎಲ್ಲರ ಗಂಟಲಿಗೂ ನಳಿಗೆ ಇಳಿಸುವ ಹಣ ಬೇರೆ ಕಡೆ ಹೆಚ್ಚು ಜೀವ ಉಳಿಸುತ್ತದೆ. ಲಕ್ಷಣ ಇದ್ದವರನ್ನಾದರೂ ಆರು ತಿಂಗಳು ಕಾಯಿಸದಿರುವುದು ನಮ್ಮ ಕೈಯಲ್ಲಿದೆ.

ಬಿಲ್ರೋತನ ಹೊಲಿಗೆಯಿಂದ ಸ್ಟೇಪ್ಲರ್‌ವರೆಗೆ

ಜರ್ಮನಿಯಿಂದ ಬಂದಿದ್ದ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಮದ್ದು ಹಂಚಲು ತೊಡಗಿದರು. ಇಂದಿನ ಫಾದರ್ ಮುಲ್ಲರ್ಸ್ ಆಸ್ಪತ್ರೆಯ ಮೂಲ ಅದು. ಜಠರ ಕತ್ತರಿಸುವ ಆಪರೇಷನ್ನಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅದರ ಮರುವರ್ಷ, 1881ರ ಜನವರಿ 29ರಂದು, ವಿಯೆನ್ನಾದಲ್ಲಿ ತಿಯೊಡೊರ್ ಬಿಲ್ರೋತ್ ಎಂಬ ಸರ್ಜನ್ 43 ವರ್ಷದ ತೆರೇಸ್ ಹೆಲ್ಲರ್ ಎಂಬಾಕೆಯ ಹೊಟ್ಟೆ ತೆರೆದ. ಎಂಟು ಮಕ್ಕಳ ತಾಯಿ, ತಿಂದದ್ದೆಲ್ಲ ವಾಂತಿಯಾಗಿ ಸೊರಗಿದ್ದಳು. ಜಠರದ ಕೆಳಭಾಗದ ಕ್ಯಾನ್ಸರನ್ನು ಕತ್ತರಿಸಿ ತೆಗೆದು, ಉಳಿದ ಜಠರವನ್ನು ಸುಮಾರು ಐವತ್ತು ರೇಷ್ಮೆ ಹೊಲಿಗೆಗಳಲ್ಲಿ ಕರುಳಿಗೆ ಜೋಡಿಸಿದ. ಅದಕ್ಕೂ ಮೊದಲು ಪ್ಯಾರಿಸ್ಸಿನ ಪೇಯಾನ್, ಪೋಲೆಂಡಿನ ರಿಡಿಗಿಯರ್ ಮಾಡಿದ್ದರು, ರೋಗಿಗಳು ಉಳಿದಿರಲಿಲ್ಲ. ಈಕೆ ಎದ್ದು ಕೂತಳು, ಉಂಡಳು, ಮನೆಗೆ ಹೋದಳು. ಸುಮಾರು ನಾಲ್ಕು ತಿಂಗಳ ಬಳಿಕ ಹಬ್ಬಿದ ಕ್ಯಾನ್ಸರಿನಿಂದಲೇ ತೀರಿಹೋದಳು. ಹೊಲಿಗೆ ಮಾತ್ರ ಬಿಟ್ಟಿರಲಿಲ್ಲ. 1897ರಲ್ಲಿ ಜ್ಯೂರಿಕ್ಕಿನ ಕಾರ್ಲ್ ಶ್ಲಾಟರ್ ಇಡೀ ಜಠರವನ್ನೇ ತೆಗೆದ. ಆ ರೋಗಿ ವರ್ಷದ ಮೇಲೆ ಬದುಕಿದಳು. ಜಠರವಿಲ್ಲದೆ ಮನುಷ್ಯ ಉಣ್ಣಬಲ್ಲ ಎಂದು ಜಗತ್ತಿಗೆ ಗೊತ್ತಾದದ್ದು ಆಗ.

ಇವತ್ತಿನ ಆಪರೇಷನ್ ಹೊಟ್ಟೆ ಕೊಯ್ಯುವುದರಿಂದ ಶುರುವಾಗುವುದಿಲ್ಲ. ಮೊದಲು ಸಿಟಿ ಸ್ಕ್ಯಾನ್. ಬಳಿಕ ಹೊಟ್ಟೆಯಲ್ಲೊಂದು ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪ್ ಇಳಿಸಿ, ಸ್ಕ್ಯಾನಿಗೆ ಕಾಣದ ಸಾಸಿವೆಯಷ್ಟು ಬಿಳಿ ಕಣಗಳು ಒಳಹೊದಿಕೆಯ ಮೇಲೆ ಚೆಲ್ಲಿವೆಯೇ ಎಂದು ನೋಡುತ್ತಾರೆ. ಚೆಲ್ಲಿದ್ದರೆ ದೊಡ್ಡ ಆಪರೇಷನ್ನಿನಿಂದ ಸಾಮಾನ್ಯವಾಗಿ ಲಾಭವಿಲ್ಲ, ಕೀಮೋವೇ ಮುಖ್ಯ ದಾರಿ. ಅನುಭವಿ ಕೈ ಸ್ಕ್ಯಾನಿಗಿಂತ ಮೊದಲೇ ಎರಡು ಜಾಗ ಮುಟ್ಟಿ ನೋಡುತ್ತದೆ: ಎಡಗಡೆ ಕೊರಳೆಲುಬಿನ ಮೇಲಿನ ಗುಳಿ, ಮತ್ತು ಹೊಕ್ಕುಳು. ಹೊಕ್ಕುಳಿನ ಗಂಟನ್ನು ಮೊದಲು ಗಮನಿಸಿದವರು ಅಮೆರಿಕದ ಮೇಯೊ ಆಸ್ಪತ್ರೆಯ ಸರ್ಜನ್ನಿನ ಸಹಾಯಕಿ, ಕ್ರೈಸ್ತ ಸನ್ಯಾಸಿನಿ ಮೇರಿ ಜೋಸೆಫ್. ಆಪರೇಷನ್ನಿಗೆ ರೋಗಿಯ ಹೊಟ್ಟೆ ಒರೆಸಿ ಅಣಿಗೊಳಿಸುವಾಗ ಕೈಗೆ ಸಿಕ್ಕದ್ದು. ಇಂದಿಗೂ ಆ ಗಂಟಿಗೆ ಅವರದೇ ಹೆಸರು. ಊರಿಡೀ ನರ್ಸಿಂಗ್ ಕಾಲೇಜುಗಳಿರುವ ನಮ್ಮ ಮಂಗಳೂರಿನಲ್ಲಿ ಈ ಕಥೆಯನ್ನು ಇನ್ನಷ್ಟು ಜೋರಾಗಿ ಹೇಳಬೇಕು.

ಗೆಡ್ಡೆ ಸ್ನಾಯುವಿಗೆ ಇಳಿದಿದ್ದು ದೂರ ಹಬ್ಬಿಲ್ಲದಿದ್ದರೆ ಈಗ ಆಪರೇಷನ್ನಿಗೆ ಮೊದಲೇ ಕೀಮೋ. ನಾಲ್ಕು ಔಷಧಗಳ ಫ್ಲಾಟ್ ಎಂಬ ಕ್ರಮ, ಎರಡು ವಾರಕ್ಕೊಮ್ಮೆ, ಮೊದಲು ನಾಲ್ಕು, ಆಮೇಲೆ ನಾಲ್ಕು. 2019ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಇದನ್ನು ಪಡೆದವರ ಬದುಕಿನ ಮಧ್ಯಕ ಅವಧಿ 50 ತಿಂಗಳು, ಹಳೆಯ ಕ್ರಮದಲ್ಲಿ 35. "ಗೆಡ್ಡೆಯನ್ನು ಒಳಗೆ ಇಟ್ಟುಕೊಂಡು ಎರಡು ತಿಂಗಳು ಕಾಯುವುದೇ? ನಾಳೆಯೇ ತೆಗೆದುಬಿಡಿ" ಎಂದು ಮನೆಯವರು ಹಟ ಹಿಡಿಯುವುದು ಸಹಜ. ಆ ಎರಡು ತಿಂಗಳು ಕಾಯುವಿಕೆಯಲ್ಲ, ಕಣ್ಣಿಗೆ ಕಾಣದ ಕಣಗಳ ಮೇಲಿನ ಮೊದಲ ಪೆಟ್ಟು.

ಆಪರೇಷನ್ ಟೇಬಲ್ಲಿನ ಮೇಲೆ ಜಠರ ಕತ್ತರಿಸುವುದಕ್ಕಿಂತ ಹೆಚ್ಚು ಹೊತ್ತು ಹೋಗುವುದು ಅದರ ಸುತ್ತಲಿನ ಕೊಬ್ಬನ್ನು ಬಿಡಿಸುವುದರಲ್ಲಿ. ಯಕೃತ್ತಿಗೆ ಹೋಗುವ ರಕ್ತನಾಳ, ಗುಲ್ಮದ ರಕ್ತನಾಳ, ಜಠರದ ಎಡನಾಳದ ಬುಡ, ಇವುಗಳ ಮೇಲಿನ ದುಗ್ಧಗ್ರಂಥಿಗಳನ್ನು ನಾಳಗಳು ಬೆತ್ತಲಾಗುವವರೆಗೆ ಸುಲಿಯಬೇಕು. ಡಿ2 ಎಂದು ಸರ್ಜನ್ನರು ಹೇಳುವುದು ಇದನ್ನೇ. ಪೆಥಾಲಜಿ ವರದಿಯಲ್ಲಿ ಕನಿಷ್ಠ 16 ಗ್ರಂಥಿಗಳ ಲೆಕ್ಕ ಇರಬೇಕು. ವರದಿ ಕೈಗೆ ಬಂದಾಗ ಆ ಸಂಖ್ಯೆಯನ್ನು ಯಾರು ಬೇಕಾದರೂ ಓದಬಹುದು. ಈ ಸುಲಿತಕ್ಕೊಂದು ಕಹಿ ಇತಿಹಾಸವಿದೆ. 1989ರಿಂದ 1993ರವರೆಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಜಪಾನೀ ವಿಧಾನವನ್ನು ಪರೀಕ್ಷಿಸಿದರು. ಕಲಿಸಲು ಜಪಾನಿನಿಂದ ಸರ್ಜನ್ ಸಾಸಾಕೊ ಬಂದಿದ್ದರು. ಆದರೂ ಆಪರೇಷನ್ನಿನ ಬೆನ್ನಿಗೇ ಸತ್ತವರು ನೂರಕ್ಕೆ 10, ಚಿಕ್ಕ ಆಪರೇಷನ್ನಿನಲ್ಲಿ 4. ಗುಲ್ಮವನ್ನೂ ಮೇದೋಜೀರಕದ ಬಾಲವನ್ನೂ ಜೊತೆಗೆ ತೆಗೆದದ್ದು ಮುಖ್ಯ ಕಾರಣ. ಪಶ್ಚಿಮದ ದೇಶಗಳು ಬಹುಕಾಲ ಡಿ2 ಎಂದರೆ ಹಿಂಜರಿದವು. ಆದರೆ ಹದಿನೈದು ವರ್ಷ ಬಿಟ್ಟು ಅದೇ ರೋಗಿಗಳ ಲೆಕ್ಕ ತೆಗೆದಾಗ ಹೆಚ್ಚು ಸುಲಿದವರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ 37, ಕಡಿಮೆ ಸುಲಿದವರಲ್ಲಿ ನೂರಕ್ಕೆ 48. ಗುಲ್ಮ ಉಳಿಸಿ ಗ್ರಂಥಿ ತೆಗೆಯುವುದು ಈಗಿನ ಪದ್ಧತಿ. ಮುಂಬೈಯ ಟಾಟಾ ಮೆಮೋರಿಯಲ್‌ನಂಥ ಕಡೆ ಇದನ್ನು ನಮ್ಮ ರೋಗಿಗಳಲ್ಲೂ ಸುರಕ್ಷಿತವಾಗಿ ಮಾಡಿ ತೋರಿಸಿದ್ದಾರೆ.

ಹಾಗಾಗಿ ಯಾವ ಆಸ್ಪತ್ರೆ, ಎಷ್ಟು ಹಾಸಿಗೆ ಎಂಬುದಕ್ಕಿಂತ "ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ?" ಎಂದು ಕೇಳುವುದು ಹೆಚ್ಚು ಉಪಯೋಗದ್ದು. ಕೇಳಿದ್ದಕ್ಕೆ ಒಳ್ಳೆಯ ಸರ್ಜನ್ ಬೇಸರಿಸುವುದಿಲ್ಲ. ಲ್ಯಾಪ್ರೋಸ್ಕೋಪಿಯೋ ತೆರೆದ ಆಪರೇಷನ್ನೋ ಎಂಬ ಚರ್ಚೆಗೂ ಇದೇ ಅನ್ವಯ. ಜಪಾನಿನ ಕಿಟಾನೊ 1991ರಲ್ಲಿ ತೂತಿನ ಮೂಲಕ ಮೊದಲು ಜಠರ ಕತ್ತರಿಸಿದ ಮೇಲೆ ಕೊರಿಯಾ, ಚೀನಾ, ಜಪಾನಿನ ದೊಡ್ಡ ಅಧ್ಯಯನಗಳು ನುರಿತ ಕೈಯಲ್ಲಿ ಫಲಿತಾಂಶ ಸಮಾನ ಎಂದು ತೋರಿಸಿವೆ. ನುರಿತ ಕೈ ಎಂಬ ಎರಡು ಪದವನ್ನು ಜಾಹೀರಾತುಗಳು ಬಿಟ್ಟುಬಿಡುತ್ತವೆ.

ಜಠರ ಹೋದ ಮೇಲೆ ಸಣ್ಣಕರುಳನ್ನು ಮೇಲ್ಭಾಗದಲ್ಲಿ ಒಂದು ಕಡೆ ಕತ್ತರಿಸಿ, ಕೆಳಗಿನ ತುದಿಯನ್ನು ಎತ್ತಿ ತಂದು ಅನ್ನನಾಳಕ್ಕೆ ಜೋಡಿಸುತ್ತಾರೆ. ಪಿತ್ತ ಹೊತ್ತು ಬರುವ ಇನ್ನೊಂದು ತುದಿಯನ್ನು ಅರ್ಧ ಮೀಟರಿನಷ್ಟು ಕೆಳಗೆ ಸೇರಿಸುತ್ತಾರೆ, ಪಿತ್ತ ಗಂಟಲಿಗೆ ಏರದಿರಲೆಂದು. ಸ್ವಿಟ್ಜರ್ಲೆಂಡಿನ ಸೀಸರ್ ರೂ ಕಂಡುಕೊಂಡ ಈ ವೈ ಆಕಾರದ ಜೋಡಣೆಗೆ ಈಗ ರೇಷ್ಮೆಯ ಬದಲು ಟೈಟಾನಿಯಂ ಪಿನ್ನುಗಳ ಸ್ಟೇಪ್ಲರ್. ಮರುದಿನವೇ ನಡೆಸುತ್ತಾರೆ. ಸರ್ಜನ್ನರು ನಿದ್ದೆ ಕೆಡಿಸಿಕೊಳ್ಳುವುದು ಮೊದಲ ವಾರ ಪೂರ್ತಿ: ಜೋಡಣೆ ಸೋರಿದರೆ ಜ್ವರ, ನಾಡಿ ಏರುವುದು ಆ ದಿನಗಳಲ್ಲೇ.

ಹೊಟ್ಟೆಯ ಎಲ್ಲ ಗೆಡ್ಡೆಯೂ ಒಂದೇ ಅಲ್ಲ

ಬಯಾಪ್ಸಿ ಬೇಕು ಎಂದು ಪಟ್ಟು ಹಿಡಿಯಲು ಇನ್ನೊಂದು ಕಾರಣ ಇದು. ಜಠರದ ಲಿಂಫೋಮಾಗಳಲ್ಲಿ ಮಾಲ್ಟ್ ಎಂಬ ಒಂದು ಬಗೆ ಇದೆ. ಆರಂಭದಲ್ಲಿ ಸಿಕ್ಕಿದರೆ ಹೆಚ್ಚಿನವರಲ್ಲಿ ಬರೇ ಆಂಟಿಬಯಾಟಿಕ್ ಕೋರ್ಸಿಗೆ ಕರಗುತ್ತದೆ. ಚಾಕು ಬೇಡ, ಕೀಮೋ ಬೇಡ. ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಅದು ಸತ್ತರೆ ಗೆಡ್ಡೆಗೆ ಪೋಷಣೆಯಿಲ್ಲ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಇದರ ಕಷಾಯವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ಜಗತ್ತನ್ನು ನಂಬಿಸಿದವನು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಸಿಕ್ಕಿತು. ಜಠರದ ಕ್ಯಾನ್ಸರಿಗೂ ಇದೇ ಬ್ಯಾಕ್ಟೀರಿಯಾ ದೊಡ್ಡ ಕಾರಣ. ಭಾರತದಲ್ಲಿ ಸೋಂಕು ಮನೆಮನೆಯಲ್ಲಿದ್ದರೂ ಕ್ಯಾನ್ಸರ್ ಅಷ್ಟಿಲ್ಲ ಎಂಬುದು ಸಂಶೋಧಕರಿಗೆ ಇನ್ನೂ ಬಿಡಿಸದ ಒಗಟು. ಮಿಜೋರಾಂ ಮಾತ್ರ ಬೇರೆ ಕಥೆ. ದೇಶದಲ್ಲೇ ಹೆಚ್ಚು ಅಲ್ಲಿ, ಹೊಗೆಯಾಡಿಸಿದ ಮಾಂಸ ಮತ್ತು ತಂಬಾಕಿನ ಹೊಗೆ ಇಳಿಸಿದ ನೀರು ಬಳಸುವ ಅಭ್ಯಾಸದತ್ತ ಬೆರಳು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಗಂಜಿಗೆ ಮಿಡಿ ಉಪ್ಪಿನಕಾಯಿ ಇವೆಲ್ಲ ವರ್ಷಕ್ಕೆ ನಾಲ್ಕು ತಿಂಗಳ ಪದಾರ್ಥವಾಗಿದ್ದಷ್ಟು ದಿನ ಚಿಂತೆ ಕಡಿಮೆಯಿತ್ತು. ಹೆಚ್ಚು ಉಪ್ಪು ಜಠರದ ಒಳಪೊರೆಯನ್ನು ಕೆಡಿಸುತ್ತದೆ, ಬೀಡಿ ಅದಕ್ಕೆ ಸೇರುತ್ತದೆ. ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಮನೆಗಳ ನಡುವೆ ನಿಂತು ಈ ಮಾತನ್ನು ಸಲೀಸಾಗಿ ಹೇಳಲಾಗುವುದಿಲ್ಲ, ಆದರೂ ಸತ್ಯ.

ಇನ್ನೊಂದು ಜಿಸ್ಟ್. ಲೋಳೆಪೊರೆಯದ್ದಲ್ಲ, ಸ್ನಾಯು ಪದರದಲ್ಲಿ ಹುಟ್ಟುವ ಗೆಡ್ಡೆ. ಕರುಳಿನ ಚಲನೆಗೆ ತಾಳ ಹಾಕುವ ಕಾಹಾಲ್ ಕೋಶಗಳ ಬಳಗದ್ದು. ಇದು ದುಗ್ಧಗ್ರಂಥಿಗೆ ಹೋಗುವುದು ತೀರ ಅಪರೂಪ. ಹಾಗಾಗಿ ಡಿ2 ಬೇಡ, ಗೆಡ್ಡೆಯಿರುವ ಗೋಡೆಯ ಭಾಗವನ್ನಷ್ಟೇ ಕತ್ತರಿಸಿದರೆ ಸಾಕು. ಆದರೆ ಅದರ ಹೊದಿಕೆ ಹರಿದರೆ ಕಣಗಳು ಹೊಟ್ಟೆಯಿಡೀ ಚೆಲ್ಲುತ್ತವೆ. ಅದಕ್ಕೇ ಸರ್ಜನ್ ಅದನ್ನು ಇಕ್ಕುಳದಲ್ಲಿ ನೇರ ಹಿಡಿಯುವುದಿಲ್ಲ, ಒಳಗೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ ಹೊರತೆಗೆಯುತ್ತಾರೆ. ಅನ್ನನಾಳದ ಬಾಯಿಯ ಹತ್ತಿರ ಇದ್ದರೆ ಎಂಡೋಸ್ಕೋಪಿ ತಜ್ಞ ಒಳಗಿಂದ, ಸರ್ಜನ್ ಹೊರಗಿಂದ, ಒಂದೇ ಟೇಬಲ್ಲಿನಲ್ಲಿ ಒಟ್ಟಿಗೆ ಕೊಯ್ಯುವ ವಿಧಾನವೂ ಇದೆ. ಜಪಾನಿನ ಹಿಕಿ ತಂಡ 2008ರಲ್ಲಿ ವರದಿ ಮಾಡಿದ್ದು. ಎರಡು ವಿಭಾಗದವರು ಪರಸ್ಪರ ಮಾತಾಡುವ ಆಸ್ಪತ್ರೆಯಲ್ಲಷ್ಟೇ ಇದು ಸಾಧ್ಯ ಎಂದು ಬೇರೆ ಹೇಳಬೇಕಿಲ್ಲ.

1998ರಲ್ಲಿ ಜಪಾನಿನ ಹಿರೋಟಾ ಈ ಗೆಡ್ಡೆಯಲ್ಲಿ ಕಿಟ್ ಎಂಬ ವಂಶವಾಹಿಯ ದೋಷ ಕಂಡುಹಿಡಿದ. ಆ ದೋಷವನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆ ಆಗಷ್ಟೇ ಇನ್ನೊಂದು ರೋಗಕ್ಕೆ ತಯಾರಾಗುತ್ತಿತ್ತು. ಅಪಾಯ ಹೆಚ್ಚಿರುವವರು ಆಪರೇಷನ್ ನಂತರ ಮೂರು ವರ್ಷ ನುಂಗಬೇಕು. 2013ರ ಹೊತ್ತಿಗೆ ನೊವಾರ್ಟಿಸ್ ಕಂಪನಿಯ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ನಮ್ಮದೇ ಕಂಪನಿಗಳ ಅದೇ ಮದ್ದಿಗೆ ಆಗ ಎಂಟು ಹತ್ತು ಸಾವಿರ. ಪೇಟೆಂಟ್ ಬೇಕೆಂಬ ನೊವಾರ್ಟಿಸ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ದೇರಳಕಟ್ಟೆಯ ಫಾರ್ಮಸಿ ಕಿಟಕಿಯಲ್ಲಿ ಒಬ್ಬ ಆಟೋ ಚಾಲಕ ಈ ಮಾತ್ರೆ ಕೊಳ್ಳುವುದು ಸಾಧ್ಯವಾಗಿದ್ದರೆ ಅದರ ಹಿಂದೆ ಆ ತೀರ್ಪಿದೆ.

ದುಡ್ಡು, ಕಾರ್ಡು, ಗಡಿ

ಕ್ಯಾನ್ಸರ್ ಆಪರೇಷನ್ನಿನ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಇತರರಿಗೆ ಖರ್ಚಿನ ಒಂದು ಪಾಲು. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ವೆನ್ಲಾಕಿಗೆ ಹೋಗಿ ಚೀಟಿ ತರುವುದನ್ನು ಅಡ್ಮಿಟ್ ಆದ ಮೇಲೆ ನೆನಪಿಸಿಕೊಂಡರೆ ಒದ್ದಾಟ. ಬಯಾಪ್ಸಿ ವರದಿ ಕಾಯುವ ದಿನಗಳಲ್ಲೇ ಆ ಕೆಲಸ ಮುಗಿಸಿಡುವುದು ಜಾಣತನ. ಕಾಸರಗೋಡಿನ ಕಡೆಯಿಂದ ಬರುವವರು ತಮ್ಮ ಕಾರ್ಡು ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕನ್ನಡಿಗರಿಗೆ, ಮಲಯಾಳಿಗಳಿಗೆ ಹತ್ತಿರದ ದೊಡ್ಡಾಸ್ಪತ್ರೆ ಇಂದಿಗೂ ತೊಕ್ಕೊಟ್ಟಿನ ಈ ತಿರುವಿನಾಚೆಗೇ. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಈ ನಂಟು ಎಷ್ಟು ಬಿಗಿಯಾದದ್ದೆಂದು ಗೊತ್ತಾಯಿತು. ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ರೋಗಕ್ಕೆ ಭಾಷಾವಾರು ಪ್ರಾಂತ್ಯವಿಲ್ಲ ಎಂದು ಎರಡೂ ಸರ್ಕಾರಗಳಿಗೆ ನ್ಯಾಯಾಲಯದ ಮೂಲಕ ತಿಳಿಯಬೇಕಾಯಿತು.

ಜಠರವಿಲ್ಲದ ಊಟ

ಆಸ್ಪತ್ರೆಯಿಂದ ಬಿಟ್ಟಮೇಲೆ ಫೋನ್ ಬರುವುದು ಹೆಚ್ಚಾಗಿ ಗಾಯದ ಬಗ್ಗೆ ಅಲ್ಲ, ಊಟದ ಬಗ್ಗೆ. ಮೂರು ಹೊತ್ತು ಹೋಗಿ ಆರು ಹೊತ್ತಾಗುತ್ತದೆ. ಕುಚ್ಚಲಕ್ಕಿ ಗಂಜಿಯ ಅನ್ನ ಬೇರೆ, ತಿಳಿ ಬೇರೆ: ಉಣ್ಣುವಾಗ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸಿಹಿ ಒಮ್ಮೆಗೇ ಹೋದರೆ ಕರುಳಿಗೆ ಧುಮುಕಿ, ಎದೆ ಹೊಡೆದುಕೊಂಡು ಬೆವರಿ ತಲೆ ತಿರುಗುತ್ತದೆ. ಎರಡು ಗಂಟೆ ಬಿಟ್ಟು ಸಕ್ಕರೆ ಇಳಿದು ಇನ್ನೊಮ್ಮೆ. ಮೊಟ್ಟೆ, ಮೀನು, ಬೇಳೆ ಮೊದಲು, ಅನ್ನ ಆಮೇಲೆ. ಜಠರ ಪೂರ್ತಿ ಹೋದವರಿಗೆ ಆಹಾರದಿಂದ ಬಿ12 ಹೀರಲು ಬೇಕಾದ ಅಂಶವನ್ನು ತಯಾರಿಸುವ ಜಾಗವೇ ಇಲ್ಲ, ಹಾಗಾಗಿ ಆ ಇಂಜೆಕ್ಷನ್ ಬದುಕಿರುವವರೆಗೆ. ವರ್ಷಗಳು ಕಳೆದ ಮೇಲೆ ನಡೆಯಲು ಬಳಲಿಕೆ, ಕಾಲು ಜುಮುಗುಟ್ಟುವಿಕೆ ಬಂದರೆ ಕ್ಯಾನ್ಸರ್ ಮರಳಿತೆಂದು ಗಾಬರಿಯಾಗುವ ಮೊದಲು ಈ ಇಂಜೆಕ್ಷನ್ ಬಿಟ್ಟುಹೋಗಿದೆಯೇ ನೋಡಬೇಕು. ಅದನ್ನು ಕೊಡಲು ದೇರಳಕಟ್ಟೆಯೂ ಬೇಡ, ತೊಕ್ಕೊಟ್ಟಿನ ಯಾವ ಕ್ಲಿನಿಕ್ಕಿನಲ್ಲೂ ಆಗುತ್ತದೆ.

ತೂಕ ಹತ್ತು ಕಿಲೋ ಇಳಿದು ಅಲ್ಲೇ ನಿಲ್ಲುವುದು ಸಾಮಾನ್ಯ. ಕೆಲಸಕ್ಕೆ ಮರಳಿದವರು, ದೋಣಿಗೆ ಹೋಗುವವರು, ಅಂಗಡಿ ನಡೆಸುವವರು ಬೇಕಷ್ಟಿದ್ದಾರೆ. ಇವರಿಗೆ ಕಷ್ಟವಾಗುವುದು ಮದುವೆ ಮನೆಯಲ್ಲಿ. ಹಿಡಿಯಷ್ಟು ಅನ್ನಕ್ಕೆ ಎದ್ದುಬಿಟ್ಟರೆ ಊಟ ಸೇರಲಿಲ್ಲವೇ ಎಂದು ಕೇಳುತ್ತಾರೆ, ಪಾಯಸದ ಪಾತ್ರೆ ಹಿಡಿದು ಬರುವ ಮಾವನಿಗೆ ಬೇಡ ಎಂದರೆ ಮುನಿಸು. ಆಸ್ಪತ್ರೆಯ ಡಯಟೀಷಿಯನ್ನರು ಕೊಡುವ ಪಟ್ಟಿಯಲ್ಲಿ ಎಲ್ಲ ಇದೆ, ಮಾವನನ್ನು ಸಂಭಾಳಿಸುವುದು ಹೇಗೆಂಬುದೊಂದು ಬಿಟ್ಟು.